ಎರಡು ಬಗೆಯ ಮಸುಕು

ಆ ವರ್ಷ ಅಮಾವಾಸ್ಯೆ ಎರಡು ದಿನಕ್ಕೆ ಹರಡಿ, ಎಳ್ಳಮಾಸಿಯ ಮರುದಿನವೇ ಸೂರ್ಯಗ್ರಹಣ ಬಂದಿತ್ತು. ಹಿಂದಿನ ದಿನ ಹೊಲಗಳಲ್ಲಿ ಚರಗ ಚೆಲ್ಲಿ, ಜೋಳದ ನಡುವೆ ಕುಳಿತು ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬಂದ ಊರು, ಈ ದಿನ ನಸುಕಿನಲ್ಲೇ ಎದ್ದು ಉಳಿದದ್ದನ್ನೆಲ್ಲ ದನದ ಬಾನಿಗೆ ಸುರಿದು, ನೀರಿನ ಕೊಡಗಳ ಮೇಲೆ ಗರಿಕೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಸುಮ್ಮನಾಗಿತ್ತು. ದೂರದಲ್ಲಿ ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಚಿಮಣಿಯೊಂದು ಮಾತ್ರ ದಿನದಂತೆ ಹೊಗೆ ಬಿಡುತ್ತ ನಿಂತಿತ್ತು. ಅದಕ್ಕೆ ಅಮಾವಾಸ್ಯೆಯೂ ಇಲ್ಲ, ಗ್ರಹಣವೂ ಇಲ್ಲ.

ಮಾಳಮ್ಮ ಸೊಸೆಯನ್ನು ಜೋಳದ ಕೋಣೆಯ ಹೊಸ್ತಿಲ ತನಕ ಕರೆತಂದು ನಿಲ್ಲಿಸಿದಳು. ಸರಿತಾಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ನಡೆದಿತ್ತು.

"ಒಳಗ ನಡಿ ಯವ್ವಾ. ಗ್ರಾಣ ಬಿಟ್ಟು, ನಾ ಬಂದು ಕರಿಯೋ ತನಕ ಹೊರಗ ಕಾಲಿಡಬ್ಯಾಡ. ಉಗುರ್ಲೆ ಮೈ ತುರಿಸ್ಕೋಬ್ಯಾಡ. ಸೂಜಿ, ಚಾಕು ಮುಟ್ಟಬ್ಯಾಡ. ಮುಗಿಲು ನೋಡಬ್ಯಾಡ. ಅಷ್ಟ."

"ಫೋನ ಮುಟ್ಟಬಹುದಾ ಅತ್ತಿ?"

"ಫೋನಿಗಿನ್ನೂ ಶಾಸ್ತ್ರ ಹುಟ್ಟಿಲ್ಲ. ಹುಟ್ಟಿದ್ರ ಅದನ್ನೂ ಕಸಗೊಂತಿದ್ದೆ."

ಸರಿತಾ ನಕ್ಕಳು. ನಗುತ್ತಲೇ ಅತ್ತೆಯ ಅಂಗೈ ಮೇಲೆ ಕೈಯಿಟ್ಟು, "ಹೊರಗ ಬರಂಗಿಲ್ಲ, ಮುಗಿಲು ನೋಡಂಗಿಲ್ಲ, ಆಣಿ" ಅಂದಳು. ಮಾಳಮ್ಮ ಆ ಕೈಯನ್ನು ಒಂದು ಗಳಿಗೆ ಹೆಚ್ಚೇ ಹಿಡಿದುಕೊಂಡು ಬಿಟ್ಟಳು. ಬಾಗಿಲು ಮುಚ್ಚಿತು.

ಆಣೆ ಸುಮ್ಮನೆ ಕೊಟ್ಟದ್ದಲ್ಲ. ಹಿಂದೊಮ್ಮೆ ಐದು ತಿಂಗಳಿಗೇ ಒಂದು ಜೀವ ಹೊಟ್ಟೆಯಲ್ಲಿ ಅಲುಗುವುದನ್ನು ನಿಲ್ಲಿಸಿತ್ತು. ಆಗ ಸರಿತಾ ಚಿಂಚೋಳಿಯ ಆಚೆ ಚಂದಾಪುರದಲ್ಲಿ ಒಂದು ಮದುವೆಯ ಫೋಟೋ ತೆಗೆಯಲು ಹೋಗಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರರು ಹೇಳಿದ್ದರು. ಓಣಿಯವರು ಬೇರೆ ಹೇಳಿದ್ದರು. ಮಾಳಮ್ಮ ಮಾತ್ರ ಏನೂ ಹೇಳಿರಲಿಲ್ಲ. ಸರಿತಾಳಿಗೆ ಓಣಿಯವರ ಮಾತು ಮರೆತುಹೋಯಿತು. ಅತ್ತೆ ಆಡದೇ ಉಳಿಸಿಕೊಂಡ ಮಾತು ಏನಿದ್ದೀತು ಎಂಬುದು ಮಾತ್ರ ಇಂದಿಗೂ ಮನೆಯೊಳಗೆ ಓಡಾಡುತ್ತಿತ್ತು. ಈ ಸಲ ಏನಾದರೂ ಆದರೆ, 'ಗ್ರಾಣ ನೋಡಿದ್ಲು' ಎಂಬ ಒಂದು ಮಾತು ಸಾಕು. ಯಾರೂ ಆಡದಿದ್ದರೂ ತಾನೇ ಆಡಿಕೊಳ್ಳುತ್ತಾಳೆ, ಸಾಯುವ ತನಕ.

ಆದರೆ ಆಸೆಯೂ ಸಣ್ಣದಾಗಿರಲಿಲ್ಲ. ವಾಡಿಯ ರೈಲ್ವೆ ಕ್ವಾರ್ಟರಿನಲ್ಲಿ ಬೆಳೆದ ಸರಿತಾ, ಸೇಡಂ ಬಸ್ ನಿಲ್ದಾಣದ ಎದುರು ಒಂದು ಪುಟ್ಟ ಸ್ಟುಡಿಯೋ ಇಟ್ಟಿದ್ದಳು. ಮದುವೆ, ಸೀಮಂತ, ಜವಳ, ಪಾಸ್‌ಪೋರ್ಟ್ ಫೋಟೋ, ಎಲ್ಲ. ಚಿತ್ತಾಪುರ, ಶಹಾಬಾದ್ ಕಡೆಯ ಫೋಟೋದವರೂ ತಮ್ಮ ಕ್ಯಾಮೆರಾ ಹೊತ್ತು ಅವಳಲ್ಲಿಗೆ ಬರುತ್ತಿದ್ದರು. "ಅಕ್ಕಾ, ಇದು ಕೆಟ್ಟದ ನೋಡ್ರಿ, ಎಲ್ಲಾ ಮಸುಕು ಬರಾಕತ್ತದ" ಎನ್ನುವರು. ಅವಳು ಕ್ಯಾಮೆರಾ ಮುಟ್ಟುವ ಮೊದಲು ಫೋಟೋ ನೋಡುತ್ತಿದ್ದಳು. ಮಸುಕಿನಲ್ಲಿ ಎರಡು ಬಗೆ. ಒಂದು ಕಣ್ಣು ತಪ್ಪಿದ ಮಸುಕು: ಕ್ಯಾಮೆರಾ ನೋಡಬೇಕಾದದ್ದನ್ನು ಬಿಟ್ಟು ಮತ್ತೇನನ್ನೋ ನೋಡಿರುತ್ತದೆ. ಮದುಮಗಳ ಮುಖ ಬಿಟ್ಟು ಬಾಸಿಂಗದ ಮಣಿ ನೋಡಿರುತ್ತದೆ. ಆಗ ಮುಖ ಎಲ್ಲ ದಿಕ್ಕಿಗೂ ಸಮನಾಗಿ, ನೀರಿಗೆ ಬಿದ್ದ ಬೆಲ್ಲದಂತೆ ಕರಗಿರುತ್ತದೆ. ಇನ್ನೊಂದು ಅಲುಗಿದ ಮಸುಕು: ಕೈಯಾದರೂ ಅಲುಗಿರಬೇಕು, ಎದುರಿಗಿದ್ದವರಾದರೂ ಅಲುಗಿರಬೇಕು, ಆಗ ಅಂಚು ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತದೆ. "ಮೊದಲಿಂದಕ್ಕ ಎಲ್ಲಿ ನೋಡಬೇಕು ಹೇಳ್ರಿ. ಎರಡನೇದಕ್ಕ ಹಿಡಕೊಂಡು ನಿಂದರ್ರಿ. ಕ್ಯಾಮೆರಾ ಕೆಟ್ಟಿಲ್ಲ" ಎಂದು ಕಳಿಸುತ್ತಿದ್ದಳು.

ಈ ಗ್ರಹಣದ ಸುದ್ದಿ ಓದಿದ ದಿನದಿಂದ ಅವಳು ಕಾಯುತ್ತಿದ್ದಳು. ಶಹಾಬಾದಿನ ವೆಲ್ಡಿಂಗ್ ಅಂಗಡಿಯಿಂದ ಕಡುಗಪ್ಪು ಗಾಜು ತಂದು ಲೆನ್ಸಿನ ಬಾಯಿಗೆ ಕೂಡುವಂತೆ ರಟ್ಟಿನ ಚೌಕಟ್ಟು ಮಾಡಿಸಿದ್ದಳು. ಆಮೇಲೆ ಬಸುರಾದಳು. ಗಾಜು ಟ್ರಂಕಿನಲ್ಲಿ ಉಳಿಯಿತು. ಕೊನೆಗೆ ಗಂಡ ಲಕ್ಷ್ಮಿಕಾಂತನೇ ಒಂದು ದಾರಿ ಹೇಳಿದ: "ನೀ ಒಳಗಿರು. ನಾ ಕಿಡಕಿ ಕೆಳಗ ನಿಂತು ತೆಗೀತೀನಿ. ನೀ ಒಳಗಿಂದ ಹೇಳ್ಕೋತ ಹೋಗು." ಮಾಳಮ್ಮ ಯೋಚಿಸಿ ಒಪ್ಪಿದ್ದಳು. "ಕಣ್ಣಿಲೆ ಬ್ಯಾಡ. ಬಾಯಿಲೆ ಏನಾರ ಹೇಳ್ಕೋ. ನಿನ್ನ ಬಾಯಿ ಮುಚ್ಚಸೂದು ರಾಹುಗೂ ಆಗಂಗಿಲ್ಲ."

ಕೋಣೆ ತಂಪಾಗಿತ್ತು. ನೆಲಕ್ಕೆ ಶಹಾಬಾದಿ ಪರಸಿಕಲ್ಲು; ಗೋಡೆಗೆ ಹೊಸದಾಗಿ ಬಳಿದ ಸುಣ್ಣ. ಮೂಡಣ ಗೋಡೆಯಲ್ಲಿ, ಕೈ ಎತ್ತಿದರೆ ಸಿಗುವಷ್ಟು ಎತ್ತರಕ್ಕೆ ಒಂದೇ ಕಿಟಕಿ. ಅದಕ್ಕೆ ಮಾಳಮ್ಮ ಹಳೆಯ ಕರಿ ಕಂಬಳಿಯನ್ನು ನಾಲ್ಕೂ ಮೂಲೆಗೆ ಮೊಳೆ ಹೊಡೆದು ಬಿಗಿದಿದ್ದಳು. ಕಂಬಳಿಯನ್ನು ಅಲ್ಲಲ್ಲಿ ಹುಳು ತಿಂದಿತ್ತು. ಒಂದು ತೂತು ಉದ್ದ, ಒಂದು ಮೂರು ಮೂಲೆ, ಒಂದು ಹರಿದ ಎಲೆಯಂತೆ. ಅವುಗಳಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಬಿದ್ದಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿದ್ದಂತೆ ಸರಿತಾಳಿಗೆ ಒಂದು ಸಣ್ಣ ಸೋಜಿಗ ತಾಕಿತು: ತೂತುಗಳು ಹರಕುಮುರಕಾಗಿದ್ದರೂ ಗೋಡೆಯ ಮೇಲಿನ ಬೊಟ್ಟುಗಳೆಲ್ಲ ದುಂಡಗಿದ್ದವು, ಅಡಿಕೆ ಹೋಳಿನಷ್ಟು ದುಂಡಗೆ. ಯಾಕೆ ಎಂದು ಯೋಚಿಸುವಷ್ಟರಲ್ಲಿ ಹೊರಗಿನಿಂದ ಕೂಗು ಬಂತು.

"ಸರಿತಾ! ಸ್ಟ್ಯಾಂಡ್ ಹೂಡೀನಿ. ಮುಂದ?"

ಅವಳು ಆ ಬೊಟ್ಟುಗಳಿಗೆ ಬೆನ್ನು ಮಾಡಿ, ಕಿಟಕಿಯ ಕೆಳಗೆ ಗೋಡೆಗೆ ಭುಜ ಆನಿಸಿ ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ನಸುಕಿನಿಂದ ಒಳಗಿನದು ಮಿಸುಕಿರಲಿಲ್ಲ. ಮಲಗಿರಬೇಕು ಎಂದುಕೊಂಡಳು. ದಿನಾ ಈ ಹೊತ್ತಿಗೆ ಒದೆಯುತ್ತಿತ್ತು ಎಂಬುದನ್ನು ನೆನೆಯದಿರಲು ನೋಡಿದಳು.

"ಗಾಜು ಹಾಕಿದ್ರೇನು? ಗಾಜಿಲ್ದ ಸೂರ್ಯನ ಕಡಿ ಹಿಡದ್ರ ಕ್ಯಾಮೆರಾನೂ ಹೋಗ್ತದ, ಕಣ್ಣೂ ಹೋಗ್ತಾವ."

"ಹಾಕೀನಿ. ಈಗ ಒತ್ತತೀನಿ."

ಜಿರ್... ಜಿರ್... ಜಿರ್... ಲೆನ್ಸ್ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗುವ ಸದ್ದು. ಫೋಕಸ್ ಸಿಕ್ಕಾಗ ಆಗುವ 'ಪೀಕ್' ಸದ್ದು ಬರಲೇ ಇಲ್ಲ. ಸರಿತಾ ಕಣ್ಣು ಮುಚ್ಚಿ ಕೇಳಿದಳು. ಎಷ್ಟೋ ಮದುವೆಗಳಲ್ಲಿ, ದೀಪ ಹೋದ ಮಂಟಪಗಳಲ್ಲಿ ಆ ಸದ್ದು ಕೇಳಿದ್ದಳು. ಕುರುಡನು ಗೋಡೆ ತಡವುವಂತೆ ತಡವುವುದು ಅದು.

"ಅದಕ್ಕ ಹಿಡಿಯಾಕ ಏನೂ ಸಿಗವಲ್ದು. ಗಾಜು ಭಾಳ ಕಪ್ಪದ. ಅದರ ಕೈಯಾಗ ಬಿಡಬ್ಯಾಡ್ರಿ. ಲೆನ್ಸಿನ ಬಗಲಾಗ ಒಂದು ಗುಂಡಿ ಅದಲ್ಲ, ಅದನ್ನ ಕೆಳಗ ಸರಸ್ರಿ. ಇನ್ನ ಅದು ತಾನ ನೋಡಂಗಿಲ್ಲ, ನೀವ ನೋಡಬೇಕು."

"ಸರಸೀನಿ."

"ಕ್ಯಾಮೆರಾದ ತೂತಿನಾಗ ಕಣ್ಣಿಡಬ್ಯಾಡ್ರಿ. ಹಿಂದಿನ ಪರದೆ ಹಚ್ಚಿ, ಸೂರ್ಯನ ಅಂಚು-ದಂಡಿ ದೊಡ್ಡದು ಮಾಡ್ಕೊಂಡು, ಲೆನ್ಸಿನ ಮುಂದಿನ ಬಳಿ ಮೆಲ್ಲಕ ತಿರುವ್ರಿ. ದಂಡಿ ಚೂಪಾಗೋತನಕ."

"ಬಳಿ ಪೂರಾ ತಿರುವಿದ್ರ ದೂರಿಂದು ಬರ್ತದಂತ ನೀನ ಹೇಳಿದ್ದಿ?"

"ಪೂರಾ ತಿರುವಿದ್ರ ಸೂರ್ಯನ್ನೂ ದಾಟಿ ಹೋಗ್ತದ. ಜರಾ ಹಿಂದಕ ಬರ್ರಿ."

ಆಚೆಯಿಂದ ಇನ್ನೊಂದು ದನಿ ಬಂತು. ಬಗಲ ಮನೆಯ ಮುದುಕ ಗೊಲ್ಲಾಳಪ್ಪ. ಊರೆಲ್ಲ ಒಳಗಿದ್ದರೂ ಅವನು ಕಟ್ಟೆ ಬಿಟ್ಟವನಲ್ಲ. "ಏ ಲಕ್ಷ್ಮ್ಯಾ, ಹೆಂಡ್ತಿ ಕತ್ತಲಾಗ ಕುಂತು ಹೇಳಾಕತ್ತಾಳ, ನೀ ಬೆಳಕಿನಾಗ ನಿಂತು ಕುರುಡಾಗೀದಿ. ಸೂರ್ಯನ್ನೂ ದಾಟಿ ಹೋಗಬ್ಯಾಡೋ, ಸಂಜಿಗೆ ಮನಿಗೆ ಬರೂದದ."

"ಮಾಮಾ, ಸುಮ್ಮ ಕೂಡ್ರಿ ಜರಾ."

ಕಟಕ್ ಎಂಬ ಶಟರಿನ ಸದ್ದು. ಅದು ತೆರೆದ ಸದ್ದಿಗೂ ಮುಚ್ಚಿದ ಸದ್ದಿಗೂ ನಡುವೆ ಬಿಡುವು ಹೆಚ್ಚಾಗಿತ್ತು. ಸರಿತಾ ಕೇಳಿದ ಕೂಡಲೇ ಅಂದಳು: "ಅಲುಗ್ಯಾದ."

"ನೋಡದನ ಹ್ಯಾಂಗ ಹೇಳ್ತಿ? ...ಹೌದು, ಅಲುಗ್ಯಾದ. ಎರಡು ಸೂರ್ಯ ಬಂದಾವ."

"ದನದ ದವಾಖಾನ್ಯಾಗ ಎಮ್ಮಿಗೆ ಸೂಜಿ ಚುಚ್ಚೂವಾಗ ನಡುಗದ ಕೈ ಇದಕ್ಕ್ಯಾಕ ನಡುಗ್ತದ್ರಿ?"

"ಎಮ್ಮಿ ನನ್ನ ಹಿಂಗ ಬೈಯಂಗಿಲ್ಲ."

ಗೊಲ್ಲಾಳಪ್ಪ ಕೆಮ್ಮುತ್ತ ನಕ್ಕ. ಸರಿತಾಳೂ ನಕ್ಕಳು. ಸ್ಟ್ಯಾಂಡಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಲು ಹೇಳಿದಳು, ಶಟರ್ ಬೇಗ ಮುಚ್ಚುವಂತೆ ಮಾಡಿಸಿದಳು. ಗುಂಡಿ ಒತ್ತಿ ಕೈ ತೆಗೆದ ಮೇಲೆ ಕ್ಯಾಮೆರಾ ತಾನಾಗಿ ತೆಗೆದುಕೊಳ್ಳುವಂತೆ ಟೈಮರ್ ಇಡಿಸಿದಳು. ಟಿಕ್, ಟಿಕ್, ಕಟ್. ಈ ಸಲ ಸದ್ದು ಚುರುಕಾಗಿ, ಒಣ ಜೋಳದ ಕಡ್ಡಿ ಮುರಿದಂತೆ ಬಂತು.

"ಬಂತು!" ಲಕ್ಷ್ಮಿಕಾಂತ ಹುಡುಗನಂತೆ ಕೂಗಿದ. "ಸರಿತಾ, ಒಂದು ದಂಡಿ ಕಡದಂಗ ಆಗ್ಯಾದ! ಬಿಸ್ಕೀಟು ಕಡದಂಗ! ಹಿಡದದ, ಹಿಡದದ!"

ಒಳಗೆ ಅವಳ ಮೈ ಝುಮ್ಮೆಂದಿತು. ಹೊರಗೆ, ಒಂದು ಕಂಬಳಿಯ ಆಚೆ, ಅದು ಶುರುವಾಗಿತ್ತು. ಅವಳು ಹೊಟ್ಟೆಯ ಮೇಲಿನ ಕೈಯನ್ನು ಜರುಗಿಸಿ ಬೇರೆ ಕಡೆ ಇಟ್ಟು ನೋಡಿದಳು. ಏನೂ ಇಲ್ಲ.

ಕೆಡಬೇಕಾದದ್ದು ಆಮೇಲೆ ಕೆಟ್ಟಿತು. ಗೊಲ್ಲಾಳಪ್ಪನಿಗೆ ತಡೆಯಲಾಗಲಿಲ್ಲ. "ಆ ಗಾಜು ಕೊಡೋ ತಮ್ಮಾ, ಜರಾ ನೋಡ್ತೀನಿ. ಹುಟ್ಟಿದಾಗಿಂದ ಗ್ರಾಣ ಬಂದಾಗೊಮ್ಮೆ ನಮ್ಮವ್ವ ಒಳಗ ಹಾಕಿದ್ಲು, ಆಮ್ಯಾಗ ಹೆಂಡ್ತಿ ಹಾಕಿದ್ಲು. ಈಗ ಇಬ್ಬರೂ ಇಲ್ಲ." ಆ ಮಾತಿಗೆ ಲಕ್ಷ್ಮಿಕಾಂತ ಇಲ್ಲವೆನ್ನಲಾರದೆ ಹೋದ. ಕ್ಯಾಮೆರಾ ಕೆಳಗೆ ತಿರುಗಿಸಿ ಗಾಜು ಬಿಚ್ಚಿಕೊಟ್ಟ. ಮುದುಕ ನೋಡಿದ. ಆಮೇಲೆ "ಅಯ್ಯ ಶಿವನ" ಎಂಬ ಒಂದೇ ಮಾತು, ಅದರ ಹಿಂದೆಯೇ ಪರಸಿಯ ಮೇಲೆ ಗಾಜು ಒಡೆದ ಸದ್ದು.

"ಕೈ ಜಾರಿತು ತಂಗೀ," ಗೊಲ್ಲಾಳಪ್ಪ ಕಿಟಕಿಯ ಕಡೆ ಮುಖ ಮಾಡಿ ಹೇಳಿದ. "ಸೂರ್ಯನ್ನ ಹಂಗ ನೋಡಿ ಕೈಯಾಗ ಗಾಜದ ಅನ್ನೂದ ಮರ್ತೆ."

ಸರಿತಾಳಿಗೆ ಸಿಟ್ಟು ಬರಲಿಲ್ಲ. ಮುದುಕನ ದನಿಯಲ್ಲಿ ಏನೋ ಇತ್ತು. ಅವನು ಕಂಡದ್ದನ್ನು ತಾನು ಕಾಣಬೇಕಿತ್ತು ಎಂಬ ಹಸಿವು ಇನ್ನಷ್ಟು ಹೆಚ್ಚಿತು. "ಇರಲಿ ಬಿಡ್ರಿ ಕಾಕಾ. ಏನ್ರಿ, ಅತ್ತಿ ಅರಿಷಿಣದ ನೀರು ಇಟ್ಟಾರಲ್ಲ ಪರಾತದಾಗ, ಅದರಾಗ ಸೂರ್ಯ ಕಾಣ್ತಾನೇನು?"

"ಕಾಣ್ತಾನ."

"ಅದನ್ನ ತೆಗೀರಿ."

ಮತ್ತೆ ಜಿರ್ ಎಂದು, ಈ ಸಲ ಕೂಡಲೇ 'ಪೀಕ್' ಎಂದಿತು. ಸರಿತಾ ತಲೆಯಾಡಿಸಿದಳು. ಅಷ್ಟು ಸುಲಭವಾಗಿ ಸಿಕ್ಕಿತೆಂದರೆ ಸಿಕ್ಕಿದ್ದು ಬೇರೆಯೇ.

"ಅರಿಷಿಣದ ಪುಡಿ ಚೂಪಾಗಿ ಬಂದದ, ಸೂರ್ಯ ಮಸುಕು ಬಂದಾನ. ಹೌದಲ್ಲ?"

"ಬರೋಬರ್! ಪುಡಿ ಒಂದೊಂದೂ ಕಾಣಾಕತ್ತದ."

"ಮತ್ತ ಆ ಗುಂಡಿ ಮ್ಯಾಲ ಮಾಡೀರಿ. ಕ್ಯಾಮೆರಾ ನೀರಿನ ಮೈ ನೋಡಾಕತ್ತದ. ಸೂರ್ಯ ಪರಾತದಾಗಿಲ್ರಿ. ನೀರಾಗ ಕಂಡ್ರೂ ಅಂವ ಎಷ್ಟು ದೂರ ಅದಾನೋ ಅಷ್ಟೇ ದೂರ ಇರ್ತಾನ. ಬಳಿ ಮೊದಲಿನ ಜಾಗಕ್ಕ ತರ್ರಿ, ಮುಗಿಲು ನೋಡ್ದಂಗ ನೀರು ನೋಡ್ರಿ."

ಎಷ್ಟೋ ಸಲ ಬೇರೆಯವರಿಗೆ ಹೇಳಿಕೊಟ್ಟ ಮಾತೇ ಅದು. ಕನ್ನಡಿಯಲ್ಲಿನ ಮದುಮಗಳನ್ನು ತೆಗೆಯುವಾಗ ಕನ್ನಡಿ ನೋಡಬೇಡಿ, ಮದುಮಗಳನ್ನು ನೋಡಿ ಎಂದು. ಈಗ ಅದು ಹೊಸದಾಗಿ ಕೇಳಿಸಿತು. ಒಂದು ಹಿತ್ತಾಳೆಯ ಪರಾತ, ಬೆರಳ ಗಿಣ್ಣಿನಷ್ಟು ನೀರು, ಅದರೊಳಗೆ ಕೋಟ್ಯಂತರ ಹರದಾರಿ ಆಳ.

"ನೀರು ಅಲುಗಾಕತ್ತದ. ಗಾಳಿ."

"ಮೊರ ಅಡ್ಡ ಹಿಡಿರಿ."

"ಮಾಮಾ, ಮೊರ ಹಿಡಿ... ಇತ್ತ... ಏ, ಏ, ಏ! ಹಚಾ! ಹಚಾ!"

ಪರಾತ ಬಡಿದ ಸದ್ದು, ಗೊರಸಿನ ಸದ್ದು, ಇಬ್ಬರ ಕೂಗು. ಆಮೇಲೆ ಲಕ್ಷ್ಮಿಕಾಂತನ ಸೋತ ದನಿ: "ಮಾಮಾನ ಆಡು ಬಂದು ನೀರು ಕುಡೀತು."

"ರಾಹು ಪೂರಾ ನುಂಗೂದರೊಳಗ ನನ್ನ ಆಡೇ ನುಂಗಿಬಿಡ್ತಲ್ಲೋ!" ಗೊಲ್ಲಾಳಪ್ಪ ಹಣೆ ಬಡಿದುಕೊಂಡದ್ದು ಒಳಗೂ ಕೇಳಿಸಿತು.

ನೀರು ತರುತ್ತೇನೆಂದು ಲಕ್ಷ್ಮಿಕಾಂತ ಹಿತ್ತಲಿಗೆ ಓಡಿದ. ಮುದುಕ ಆಡಿನ ಹಿಂದೆ ಹೋದ. ಕಿಟಕಿಯ ಹೊರಗೆ ಯಾರೂ ಉಳಿಯಲಿಲ್ಲ.

ಆಗ ಸರಿತಾಳಿಗೆ ಮೌನ ಕೇಳಿಸಿತು. ಅಷ್ಟು ಹೊತ್ತು ಮಾತಿನ ಅಡಿಯಲ್ಲಿ ಅದು ಬೆಳೆಯುತ್ತಲೇ ಇದ್ದಿರಬೇಕು. ಬೇವಿನ ಗಿಡದ ಗುಬ್ಬಿಗಳು ಸುಮ್ಮನಾಗಿದ್ದವು. ಎಲ್ಲೋ ಒಂದು ಹಸು ಅರ್ಧ ಕೂಗಿ ನಿಲ್ಲಿಸಿತು. ಊರು ಕಿವಿಗೊಟ್ಟು ಕುಳಿತಂತಿತ್ತು. ಕೋಣೆಯ ತಂಪು ಇನ್ನಷ್ಟು ತಂಪಾಗಿತ್ತು. ಇದು ಗ್ರಹಣದ ನಡುಹೊತ್ತು ಎಂದು ಯಾರೂ ಹೇಳದೆಯೇ ಅವಳಿಗೆ ಗೊತ್ತಾಯಿತು. ತಾನು ಕಾಯುತ್ತಿದ್ದ ಹೊತ್ತು ಇದೇ. ಕಂಬಳಿಯ ಒಂದು ಮೂಲೆ ಎತ್ತಿದರೆ ಸಾಕು. ಕೈ ಎತ್ತಿದರೆ ಸಿಗುತ್ತದೆ. ಕೈ ಎತ್ತಲೂ ಎತ್ತಿದಳು. ಕಂಬಳಿಯ ಒರಟು ಉಣ್ಣೆ ಬೆರಳಿಗೆ ತಾಕಿತು.

ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅದರಡಿಯಲ್ಲೂ ಅದೇ ಮೌನ.

ಅವಳು ಕೈ ಇಳಿಸಿದಳು. ಕಣ್ಣಲ್ಲಿ ನೀರು ಬಂತು. ಇನ್ನು ಕುಳಿತುಕೊಳ್ಳೋಣವೆಂದು ತಿರುಗಿದಳು.

ಎದುರಿನ ಗೋಡೆಯ ಮೇಲೆ ಕುಡುಗೋಲುಗಳಿದ್ದವು.

ಬೆಳಕಿನ ಕುಡುಗೋಲುಗಳು. ಒಂದಲ್ಲ, ಎರಡಲ್ಲ, ಕಂಬಳಿಯಲ್ಲಿ ಎಷ್ಟು ತೂತುಗಳಿದ್ದವೋ ಅಷ್ಟು. ಎಲ್ಲವೂ ಒಂದೇ ಕಡೆ ಬಾಗಿದ್ದವು, ಒಂದೇ ಗಾತ್ರ, ಒಂದೇ ತೆಳುವು. ಉದ್ದ ತೂತಿನಿಂದ ಬಂದದ್ದೂ ಕುಡುಗೋಲೇ, ಮೂರು ಮೂಲೆಯದರಿಂದ ಬಂದದ್ದೂ ಕುಡುಗೋಲೇ. ಸುಣ್ಣದ ಗೋಡೆಯ ಕೆಳಭಾಗದ ತುಂಬ, ಪರಸಿಯ ಅಂಚಿನ ತನಕ, ಯಾರೋ ಸುಗ್ಗಿಯಲ್ಲಿ ಕೈಬಿಟ್ಟು ಹೋದಂತೆ ಅವು ಸದ್ದಿಲ್ಲದೆ ಬಿದ್ದಿದ್ದವು.

ಸರಿತಾಳಿಗೆ, ಬೆಳಿಗ್ಗೆ ಆ ಬೊಟ್ಟುಗಳು ದುಂಡಗಿದ್ದದ್ದು ಯಾಕೆ ಎಂಬುದು ಈಗ ತಿಳಿಯಿತು. ಅವು ತೂತಿನ ಆಕಾರವಲ್ಲ. ಒಂದೊಂದೂ ಸೂರ್ಯನೇ. ಆಗ ಅವನು ತುಂಬಿದ್ದ, ಈಗ ಕುಡುಗೋಲಾಗಿದ್ದ. ಕತ್ತಲೆ ತುಂಬಿದ ಪೆಟ್ಟಿಗೆ, ಒಂದು ಬದಿಗೆ ಸಣ್ಣ ತೂತು, ಎದುರು ಬದಿಗೆ ಬಿಳಿ ಪರದೆ. ಅದು ಕ್ಯಾಮೆರಾ. ಲೆನ್ಸಿಲ್ಲ, ಗುಂಡಿಯಿಲ್ಲ, ತಡವಿ ಹುಡುಕುವ ಸದ್ದಿಲ್ಲ, ತಪ್ಪಲು ಫೋಕಸ್ಸೂ ಇಲ್ಲ. ಇಷ್ಟು ವರ್ಷ ಅವಳು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಿದ್ದಳು. ಇವತ್ತು ಅತ್ತೆ ಅವಳನ್ನು ಕರೆತಂದು ಕ್ಯಾಮೆರಾದ ಒಳಗೇ ಕೂರಿಸಿ ಬಾಗಿಲು ಹಾಕಿದ್ದಳು.

ಅವಳು ಒಂದೊಂದೇ ಹೆಜ್ಜೆ ಮುಂದಿಟ್ಟಳು. ಕೋಣೆಯ ನಡುವಿಗೆ ಬಂದಾಗ ಗೋಡೆಯ ಮೇಲಿನ ಒಂದು ಕುಡುಗೋಲು ಮಾಯವಾಯಿತು. ಎಲ್ಲಿ ಹೋಯಿತೆಂದು ಕಿಟಕಿಯ ಕಡೆ ಅರ್ಧ ಹೊರಳಿ, ತಲೆ ಬಗ್ಗಿಸಿ ನೋಡಿದಳು. ಅದು ಅವಳ ಸೀರೆಯ ಮೇಲೆ, ಹೊಟ್ಟೆಯ ದುಂಡಿನ ಮೇಲೆ ಬಂದು ನಿಂತಿತ್ತು.

ಓಡಬೇಕೋ, ನಿಲ್ಲಬೇಕೋ ತಿಳಿಯಲಿಲ್ಲ. ಯಾವುದನ್ನು ತಾನು ನೋಡಬಾರದಿತ್ತೋ ಅದೇ ಹುಡುಕಿಕೊಂಡು ಒಳಗೆ ಬಂದು, ಯಾರನ್ನು ಮುಟ್ಟಬಾರದಿತ್ತೋ ಅವರನ್ನೇ ಮುಟ್ಟಿತ್ತು.

"ಅತ್ತಿ," ಅಂದಳು. ಮತ್ತೆ ಗಟ್ಟಿಯಾಗಿ ಕೂಗಿದಳು: "ಅತ್ತೀ!"

ಮಾಳಮ್ಮ ಬಾಗಿಲಾಚೆಯೇ ಕುಳಿತಿದ್ದಳೇನೋ, ಕೂಡಲೇ ಒಳಗೆ ಬಂದಳು. ಏನಾಯ್ತು ಎಂದು ಕೇಳುವ ಮೊದಲೇ ಅವಳ ಕಣ್ಣು ಗೋಡೆಗೆ ಹೋಯಿತು. ಅಲ್ಲಿಂದ ಸೊಸೆಯ ಹೊಟ್ಟೆಗೆ ಬಂತು. ಸರಿತಾ ಆ ಮುಖವನ್ನು ಓದಲು ನೋಡಿದಳು. ಎರಡು ವರ್ಷಗಳಿಂದ ಓದಲು ನೋಡುತ್ತಲೇ ಇದ್ದಳು.

ಮಾಳಮ್ಮ ಹಿಂತಿರುಗಿ ಬಾಗಿಲು ಮುಚ್ಚಿದಳು. ಬೆಳಕು ಬರಬಾರದೆಂದು ಜೋಳದ ಖಾಲಿ ಚೀಲವನ್ನು ಬಾಗಿಲ ಸಂದಿಗೆ ತುರುಕಿದಳು. ಆಮೇಲೆ ಬಂದು ಸೊಸೆಯ ಬಗಲಲ್ಲಿ ನಿಂತಳು.

"ಆವಾಗ ಇಷ್ಟು ಇದ್ದಿಲ್ಲ," ಅಂದಳು ಮೆಲ್ಲಗೆ. "ಒಂದೇ ಬಂದಿತ್ತು."

"ಯಾವಾಗ್ರಿ?"

"ಲಕ್ಷ್ಮ್ಯಾ ನನ್ನ ಹೊಟ್ಯಾಗಿದ್ದ. ದೊಡ್ಡ ಗ್ರಾಣ ಆಗಿತ್ತಲ್ಲ, ಹಗಲಿನಾಗ ಕೋಳಿ ಗೂಡು ಸೇರಿದ್ವು, ಅವಾಗ. ನಮ್ಮತ್ತಿ ಇದೇ ಕ್ವಾಣ್ಯಾಗ ಹಾಕಿ ಚಿಲಕ ಹಾಕಿದ್ಲು. ಅದು ಮಧ್ಯಾಹ್ನದ ಗ್ರಾಣ. ಬಿಸಿಲು ಬಾಗಲದ ಕಡಿಂದ ಬರ್ತಿತ್ತು. ಬಾಗಲಿಗೆ ಮೊಳಿ ಕಿತ್ತ ತೂತಿತ್ತು ಒಂದು. ಅದರಾಗಿಂದ ಬಂದು ಈ ಕಡಿ ಗ್ವಾಡಿ ಮ್ಯಾಲ ಕುಂತಿತು. ಮೊದಲ ದುಂಡಗಿತ್ತು. ಸವದು ಸವದು ಉಗುರಿನಂಗಾತು. ನಾ ಅಂಗೈ ಹಿಡದೆ. ಅಂಗೈ ಮ್ಯಾಲ ಬಂದು ಕುಂತಿತು ನೋಡು."

ಮಾಳಮ್ಮ ಈಗಲೂ ಅಂಗೈ ಚಾಚಿದಳು. ಒಂದು ಕುಡುಗೋಲು ಅದರ ಗೆರೆಗಳ ಮೇಲೆ ಬಂದು ನಿಂತಿತು.

"ಯಾರಿಗೂ ಹೇಳಲಿಲ್ಲೇನ್ರಿ?"

"ಯಾರಿಗೆ ಹೇಳ್ತಿ? ಹತ್ತೊಂಬತ್ತು ವರ್ಷದ ಹುಡುಗಿ ನಾನು. ಅಂವ ಹುಟ್ಟೋ ತನಕ ಹೆದರಿ ಸತ್ತೆ. ಹುಟ್ಟಿದ ಮ್ಯಾಲ ಕಿವಿ ನೋಡ್ದೆ, ತುಟಿ ನೋಡ್ದೆ, ಕಾಲು ನೋಡ್ದೆ. ಎಲ್ಲಾ ಬರೋಬರ್ ಇದ್ವು. ಬುದ್ಧಿ ಒಂದು ಜರಾ ಕಮ್ಮಿ ಬಂತು, ಅದು ಅವರಪ್ಪನ ಕಡಿಂದು."

ಸರಿತಾ ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. "ಮತ್ತ ನನ್ನ ಯಾಕ ಹಾಕಿದ್ರಿ ಅತ್ತಿ ಇಲ್ಲಿ?"

ಕುಡುಗೋಲು ಮಾಳಮ್ಮನ ಅಂಗೈಯಿಂದ ಬೆರಳಿನ ಕಡೆಗೆ ಸರಿಯತೊಡಗಿತ್ತು.

"ಹೆದರಿಕಿ ಯವ್ವಾ. ಹ್ವಾದ ಸಲ ನಿನಗ ಏನಂತ ಹೇಳಬೇಕು ತಿಳೀಲಿಲ್ಲ. ನಿಂದೇನೂ ತಪ್ಪಿಲ್ಲ ಅನ್ನಬೇಕಂತ ಬಾಯಿಗೆ ಬಂತು. ಅಂದ್ರ, ತಪ್ಪಿರಬಹುದು ಅಂತ ನಾ ವಿಚಾರ ಮಾಡೀನಿ ಅಂತ ತಿಳಕೋತಿ ಅಂತ ಸುಮ್ಮಾದೆ."

ಅಷ್ಟೇ. ಅಷ್ಟು ದಿನ ಮನೆಯೊಳಗೆ ಓಡಾಡಿದ ಮಾತು ಇದೇ. ಸರಿತಾ ಅತ್ತೆಯ ಭುಜಕ್ಕೆ ತಲೆಯಾನಿಸಿದಳು. ಇಬ್ಬರೂ ಗೋಡೆ ನೋಡುತ್ತ ನಿಂತರು.

"ಮಿಸುಕವಲ್ದು ಅತ್ತಿ," ಸರಿತಾ ಕೊನೆಗೆ ಅಂದಳು. "ಮುಂಜಾನಿಂದ."

ಮಾಳಮ್ಮನ ಕೈ ಗಾಳಿಯಲ್ಲೇ ನಿಂತಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಲಕ್ಷ್ಮಿಕಾಂತ. "ಯವ್ವಾ, ಸರಿತಾ ಯಾಕ ಮಾತಾಡವಲ್ಲಳು? ನೀರು ತಂದೀನಿ, ಗಾಳಿ ಭಾಳ—"

"ನೀರು ಹಾಳಾಗಲಿ. ಆ ಕ್ಯಾಮೆರಾ ತಗೊಂಡು ಒಳಗ ಬಾ. ಜಲ್ದಿ ಬಾಗಲ ಹಾಕು," ಅಂದಳು ಮಾಳಮ್ಮ.

ಒಳಗೆ ಬಂದವನು ಗೋಡೆ ನೋಡಿದ. ಬಾಯಿ ತೆರೆದ, ಮುಚ್ಚಿದ. ಹೆಂಡತಿಯನ್ನು ನೋಡಿದ, ಅವಳ ಹೊಟ್ಟೆಯನ್ನು ನೋಡಿದ, ಹೆದರಿ ತಾಯಿಯ ಮುಖ ನೋಡಿದ.

"ಹಂಗ ನೋಡಬ್ಯಾಡ. ನಿನಗೂ ಮುಟ್ಟಿತ್ತದು, ಸತ್ತಿಲ್ಲಲ್ಲ," ಅಂದಳು ತಾಯಿ. "ತೆಗಿ ಫೋಟೋ."

ಅವನು ಸ್ಟ್ಯಾಂಡನ್ನು ಮೂಲೆಯಲ್ಲಿ ಹೂಡಿದ. ಸರಿತಾ ನಿಂತಲ್ಲೇ ನಿಂತಿದ್ದಳು. ಕುಡುಗೋಲು ಹೊಟ್ಟೆ ಬಿಟ್ಟು ಜಾರಬಾರದೆಂದು ಅದರ ಜೊತೆ ಕೂದಲೆಳೆಯಷ್ಟು ಸರಿಯುತ್ತಿದ್ದಳು. ಜಿರ್... ಜಿರ್... ಮತ್ತೆ ಅದೇ ತಡವಾಟ.

"ಬರೀ ಗ್ವಾಡಿ ಮ್ಯಾಲ ಅದಕ್ಕ ಹಿಡಿಯಾಕ ಅಂಚು ಸಿಗಂಗಿಲ್ಲ," ಅಂದಳು ಸರಿತಾ. ದನಿ ತನಗೇ ದೂರದಿಂದ ಕೇಳಿಸಿತು. "ಅತ್ತಿ, ನಿಮ್ಮ ಕೈ ಜರಾ ನನ್ನ ಹೊಟ್ಟಿ ಬಗಲಿಗೆ ಇಡ್ರಿ. ಏನ್ರಿ, ಅತ್ತಿ ಕೈಬಳಿ ದಂಡಿ ಮ್ಯಾಲ ಫೋಕಸ್ ಮಾಡ್ರಿ. ಅದು ಸಿಕ್ಕ ಮ್ಯಾಲ ಗುಂಡಿ ಕೆಳಗ ಮಾಡಿಬಿಡ್ರಿ, ಮತ್ತ ಹುಡುಕಬಾರದು."

ಮಾಳಮ್ಮ ಹಸಿರು ಬಳೆಯ ಕೈಯನ್ನು ಸೊಸೆಯ ಹೊಟ್ಟೆಗೆ ಹಚ್ಚಿದಳು. 'ಪೀಕ್' ಎಂದಿತು ಕ್ಯಾಮೆರಾ.

"ಕತ್ತಲದ. ಶಟರ್ ಜರಾ ಹೊತ್ತು ತೆರೆದಿರಬೇಕು. ಟೈಮರ್ ಇಡ್ರಿ. ಯಾರೂ ಅಲುಗಬ್ಯಾಡ್ರಿ. ಉಸರೂ ಬ್ಯಾಡ."

ಟಿಕ್. ಟಿಕ್. ಶಟರ್ ತೆರೆಯಿತು.

ಮೂವರೂ ನಿಂತರು. ಹೊರಗೆ ಊರು ನಿಂತಿತ್ತು, ಗುಬ್ಬಿಗಳು ನಿಂತಿದ್ದವು. ಗೋಡೆಯ ಮೇಲೆ, ನೆಲದ ಮೇಲೆ, ಮೂವರ ಮೈಮೇಲೆ ಎಲ್ಲೆಲ್ಲೂ ಸೂರ್ಯ ತನ್ನ ಉಳಿದ ಅಂಚನ್ನಷ್ಟೇ ಹಿಡಿದು ನಿಂತಿದ್ದ. ಇಡೀ ಲೋಕ ಒಂದು ಫೋಟೋಗೆ ಉಸಿರು ಹಿಡಿದಂತಿತ್ತು.

ಕಟ್.

ಮಾಳಮ್ಮ ಕೈ ತೆಗೆಯಲಿಲ್ಲ. ಅವಳ ಕಣ್ಣುಗಳು ಅಗಲವಾಗಿದ್ದವು. ಸರಿತಾಳೂ ಅವಳನ್ನೇ ನೋಡುತ್ತಿದ್ದಳು.

ಲಕ್ಷ್ಮಿಕಾಂತ ಕ್ಯಾಮೆರಾದ ಪರದೆಗೆ ಬಾಗಿದ್ದ. "ಗ್ವಾಡಿ ಮ್ಯಾಲಿನವು ಎಲ್ಲಾ ಚೂಪ ಬಂದಾವ. ಯವ್ವನ ಬಳಿನೂ ಬರೋಬರ್ ಬಂದಾವ," ಅಂದ. ಆಮೇಲೆ ದನಿ ಇಳಿಯಿತು. "ಥೂ. ಇದೊಂದು ಮಸುಕಾತು. ನಿನ್ನ ಹೊಟ್ಟಿ ಮ್ಯಾಲಿಂದ. ಫೋಕಸ್ ತಪ್ಪೀನೇನು? ಇನ್ನೊಂದು ತೆಗೀಲೇನು, ಹೊತ್ತದ ಇನ್ನೂ."

"ತರ್ರಿ ಇಲ್ಲಿ."

ಸರಿತಾ ಕ್ಯಾಮೆರಾ ಇಸಿದುಕೊಂಡು ಆ ಜಾಗವನ್ನು ದೊಡ್ಡದು ಮಾಡಿದಳು. ಸೀರೆಯ ನೂಲು ನೂಲೂ ಸರಿಯಿದ್ದ ಕಡೆ ನೋಡಿದಳು. ಆಮೇಲೆ ಕುಡುಗೋಲಿನ ಅಂಚು ನೋಡಿದಳು. ಅದು ನೀರಿಗೆ ಬಿದ್ದ ಬೆಲ್ಲದಂತೆ ಕರಗಿರಲಿಲ್ಲ. ಒಂದೇ ದಿಕ್ಕಿಗೆ, ಒಳಗಿನಿಂದ ಹೊರಗೆ, ಒಂದು ಸಣ್ಣ ಎಳೆತ.

"ಬ್ಯಾಡ್ರಿ, ಇನ್ನೊಂದು ಬ್ಯಾಡ," ಅಂದಳು. ಪರದೆಯ ಬೆಳಕಿನಲ್ಲಿ ಅವಳ ಮುಖ ಒದ್ದೆಯಾಗಿ ಹೊಳೆಯುತ್ತಿತ್ತು. "ಫೋಕಸ್ ತಪ್ಪಿಲ್ಲ. ಅದು ಅಲುಗ್ಯಾದ."